ನೆಪ್ಪು, ಬೈಹಾರ್ಟ್, ಓಣಿ: ಬಾಗಲಕೋಟೆ ಸೀಮೆಯ ಆಡುಮಾತಿನಲ್ಲಿ ನೆನಪಿನ ನುಡಿಗಟ್ಟುಗಳು

ಜಾನಪದ ವಿದ್ಯಾರ್ಥಿಗಳಾದ ನಾವು ಹಾಡು, ಕಥೆ, ಗಾದೆ, ಒಗಟುಗಳನ್ನು ಸಂಗ್ರಹಿಸುತ್ತ ಬಂದಿದ್ದೇವೆ. ಇವೆಲ್ಲವನ್ನೂ ತಲೆಮಾರುಗಳ ಕಾಲ ಹಿಡಿದಿಟ್ಟದ್ದು ಜನರ ನೆನಪು ಎಂದು ಮುನ್ನುಡಿಗಳಲ್ಲಿ ತಪ್ಪದೆ ಬರೆಯುತ್ತೇವೆ. ಆದರೆ ಆ ನೆನಪನ್ನು ಸ್ವತಃ ಜನ ಯಾವ ಮಾತುಗಳಿಂದ ಕರೆಯುತ್ತಾರೆ, ಅದು ಎಲ್ಲಿ ಇರುತ್ತದೆ ಎಂದು ಭಾವಿಸುತ್ತಾರೆ, ಅದು ಹೋದಾಗ ಏನು ಹೋಯಿತೆಂದು ಹೇಳುತ್ತಾರೆ ಎಂಬುದನ್ನು ಕೇಳಿದ್ದು ಕಡಿಮೆ. ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಪರಿಸರದಲ್ಲಿ ಬೇರೆ ಬೇರೆ ಕಾರಣಗಳಿಗಾಗಿ ಕೈಗೊಂಡ ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಈ ಪ್ರಶ್ನೆ ನನ್ನನ್ನು ಕಾಡಿತು. ಇಲ್ಲಿಯ ಆಡುಮಾತಿನೊಳಗೆ ಈಗ ನೆನಪಿಗೆ ಸಂಬಂಧಿಸಿದ ಇಂಗ್ಲಿಷ್ ನುಡಿಗಟ್ಟುಗಳೂ ಸೇರಿಕೊಂಡಿವೆ. ಅವು ಎಲ್ಲಿಂದ ಬಂದವು, ಇಲ್ಲಿ ಬಂದು ಏನಾದವು ಎಂಬುದನ್ನು ದೇಶೀ ನುಡಿಗಟ್ಟುಗಳ ಪಕ್ಕದಲ್ಲಿಟ್ಟು ನೋಡುವ ಪ್ರಯತ್ನ ಈ ಲೇಖನದ್ದು.

ಇದಕ್ಕೆ ನಿಮಿತ್ತವಾದದ್ದು ಒಂದು ಸಣ್ಣ ಪ್ರಸಂಗ. ಬಾಗಲಕೋಟೆಯ ನವನಗರದ ಒಂದು ಮನೆಯಲ್ಲಿ ಹೋಳಿಯ ಹಾಡುಗಳನ್ನು ಬರೆದುಕೊಳ್ಳುತ್ತಿದ್ದೆ. ಪಕ್ಕದಲ್ಲಿ ಮೊಮ್ಮಗಳು ಇಂಗ್ಲಿಷ್ ಪಾಠದ ನುಡಿಗಟ್ಟುಗಳಿಗೆ ಅರ್ಥ ಬರೆಯುತ್ತಿದ್ದಳು. ‘ಎ ವಾಕ್ ಡೌನ್ ಮೆಮೊರಿ ಲೇನ್’ ಎಂಬುದಕ್ಕೆ ‘ನೆನಪಿನ ಓಣಿಯಲ್ಲಿ ನಡೆದಾಡುವುದು’ ಎಂದು ಬರೆದು ಗಟ್ಟಿಯಾಗಿ ಓದಿದಳು. ಹಾಡು ಹೇಳುತ್ತಿದ್ದ ಅಜ್ಜಿ ಹಾಡು ನಿಲ್ಲಿಸಿ, “ನಮ್ಮ ಓಣ್ಯಾಗ ಅಡ್ಡ್ಯಾಡಬೇಕಂದ್ರ ಈಗ ಈಸ ಬರಬೇಕವ್ವಾ” ಎಂದರು. ಮೊಮ್ಮಗಳು ನಕ್ಕಳು. ಅಜ್ಜಿ ನಗಲಿಲ್ಲ. ಅವರ ಓಣಿ ಆಲಮಟ್ಟಿಯ ಹಿನ್ನೀರಿನಲ್ಲಿದೆ. ಇಂಗ್ಲಿಷಿನಲ್ಲಿ ರೂಪಕವಾಗಿದ್ದ ಮಾತು ಅನುವಾದಗೊಂಡು ಈ ಊರಿಗೆ ಬಂದ ಕೂಡಲೇ ವಿಳಾಸವಾಗಿಬಿಟ್ಟಿತ್ತು.

ನೆನೆ, ಮರೆ, ಯಾದಿ

ಮೊದಲಿಗೆ ಪದಗಳನ್ನೇ ಗಮನಿಸೋಣ. ಗ್ರಾಂಥಿಕ ಕನ್ನಡದ ‘ನೆನಪು’ ಈ ಭಾಗದಲ್ಲಿ ‘ನೆಪ್ಪು’ ಅಥವಾ ‘ನೆಪ್ಪ’ ಆಗಿದೆ. ‘ನೆಪ್ಪಾತು’, ‘ನೆಪ್ಪಿಲೆ ಬಾ’, ‘ನೆಪ್ಪ ಹಾರಿತು’ ಎಂಬ ಬಳಕೆಗಳು ದಿನನಿತ್ಯ ಕೇಳುತ್ತವೆ. ಇದರ ಧಾತು ‘ನೆನೆ’. ಕನ್ನಡದಲ್ಲಿ ಇದೇ ಉಚ್ಚಾರಣೆಯ ಇನ್ನೊಂದು ‘ನೆನೆ’ ಇದೆ. ಅದಕ್ಕೆ ತೋಯುವುದು, ಒದ್ದೆಯಾಗುವುದು ಎಂದರ್ಥ. ತಮಿಳಿನಲ್ಲಿ ಇವು ಬೇರೆ ಬೇರೆಯಾಗಿಯೇ ಉಳಿದಿವೆ: ಸ್ಮರಿಸುವುದಕ್ಕೆ ‘ನಿನೈ’, ತೋಯುವುದಕ್ಕೆ ‘ನನೈ’. ಬರೋ ಮತ್ತು ಎಮಿನೊ ಅವರ ದ್ರಾವಿಡ ನಿಷ್ಪತ್ತಿ ಕೋಶವೂ ಇವನ್ನು ಪ್ರತ್ಯೇಕ ಧಾತುಗಳೆಂದೇ ಪರಿಗಣಿಸಿದೆ. ಕನ್ನಡದಲ್ಲಿ ಮಾತ್ರ ಎರಡೂ ಒಂದೇ ಧ್ವನಿಗೆ ಬಂದು ನಿಂತಿವೆ. ಇದು ಧ್ವನಿ ಬದಲಾವಣೆಯ ಆಕಸ್ಮಿಕ ಎಂದು ಭಾಷಾಶಾಸ್ತ್ರ ಹೇಳುತ್ತದೆ, ಸರಿಯೇ. ಆದರೆ ಕಾಳು ನೆನೆ ಹಾಕುವ ಕೈಗಳೇ ತವರನ್ನು ನೆನೆಯುವಾಗ ಈ ಆಕಸ್ಮಿಕವನ್ನು ಆಡುವ ಜನ ಬಿಟ್ಟುಕೊಡುವುದಿಲ್ಲ. ನೆನೆದದ್ದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಮೊಳಕೆಯೊಡೆಯುತ್ತದೆ ಎಂಬ ಅರ್ಥಚ್ಛಾಯೆಗಳನ್ನೆಲ್ಲ ಒಂದೇ ಶಬ್ದದೊಳಗೆ ಇಟ್ಟು ಆಡಬಲ್ಲರು. ಕೂಡಲಸಂಗಮದ ಪರಿಸರಕ್ಕೆ ಬಂದರೆ ಇದೇ ಧಾತುವಿನ ‘ನೆನಹು’ ವಚನಕಾರರಲ್ಲಿ ಅನುಸಂಧಾನದ ಪಾರಿಭಾಷಿಕ ಪದವೇ ಆಗಿರುವುದು ತಿಳಿದ ಸಂಗತಿ.

‘ಮರೆ’ ಎಂಬುದು ಕೂಡ ಹೀಗೆಯೇ. ಹಳಗನ್ನಡದಲ್ಲಿ ವಿಸ್ಮರಿಸುವುದಕ್ಕೂ ಅಡ್ಡಲಾಗಿ ನಿಂತ ತೆರೆಗೂ ‘ಮಱೆ’ ಎಂದೇ ಹೆಸರು. ತಮಿಳಿನಲ್ಲಿ ಮರೆಯುವುದು ‘ಮಱ’, ಅಡಗುವುದು ‘ಮಱೈ’. ಅಂದರೆ ನಮ್ಮಲ್ಲಿ ಮರೆತದ್ದು ನಾಶವಾಗುವುದಿಲ್ಲ, ಯಾವುದೋ ಒಂದರ ಮರೆಗೆ ಹೋಗುತ್ತದೆ. ಮಂಕು ಕವಿಯುತ್ತದೆ, ಮಬ್ಬು ಮುಸುಕುತ್ತದೆ. ಮರೆವಿನ ಬಣ್ಣ ಇಲ್ಲಿ ಕಪ್ಪು. ಪರೀಕ್ಷೆಯ ಕೋಣೆಯಿಂದ ಹೊರಬಂದ ಹುಡುಗ “ಫುಲ್ ಬ್ಲ್ಯಾಂಕ್ ಆತ್ರಿ” ಎನ್ನುವಾಗ ಆ ಬಣ್ಣ ಬದಲಾಗಿರುತ್ತದೆ. ‘ಬ್ಲ್ಯಾಂಕ್’ ಎಂಬುದು ಬಿಳುಪನ್ನು ಸೂಚಿಸುವ ಫ್ರೆಂಚ್ ಶಬ್ದದಿಂದ ಬಂದದ್ದು, ಏನೂ ಬರೆಯದ ಹಾಳೆ. ಅಜ್ಜಿಗೆ ಮರೆತಾಗ ಕತ್ತಲೆಯಾಗುತ್ತದೆ, ಮೊಮ್ಮಗನಿಗೆ ಬೆಳ್ಳಗಾಗುತ್ತದೆ. ಕಾಗದದ ಮುಂದೆ ಕುಳಿತು ಮರೆಯುವ ಪ್ರಸಂಗ ಅಜ್ಜಿಯ ಬದುಕಿನಲ್ಲಿ ಬಂದೇ ಇರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಹೊರಗಿನ ಪದ ಬಂದು ಸೇರುವುದು ಇಂಗ್ಲಿಷಿನೊಂದಿಗೆ ಶುರುವಾದದ್ದಲ್ಲ. ದಕ್ಷಿಣದವರು ಹೆಚ್ಚಾಗಿ ಬಳಸುವ ‘ಜ್ಞಾಪಕ’ ಸಂಸ್ಕೃತದಲ್ಲಿ ತಿಳಿಯಪಡಿಸುವಂಥದ್ದು ಎಂಬ ಅರ್ಥದ ಪದ. ಈ ಭಾಗದಲ್ಲಿ ‘ನನಗ ಖಬರ ಇಲ್ಲ’ ಎಂದರೆ ನೆನಪಿಲ್ಲ, ಗಮನವಿಲ್ಲ ಎಂದು. ಅರಬ್ಬಿ ಮೂಲದಲ್ಲಿ ‘ಖಬರ್’ ಎಂದರೆ ಸುದ್ದಿ. ಇನ್ನೂ ಕುತೂಹಲದ ಪದ ‘ಯಾದಿ’. ಕಿರಾಣಿ ಸಾಮಾನಿನ ಯಾದಿ, ಮತದಾರರ ಯಾದಿ ಎನ್ನುವಾಗ ಅದು ಪಟ್ಟಿ. ಆದರೆ ಅದರ ಬೇರು ಪಾರಸಿಯ ‘ಯಾದ್’, ಅಂದರೆ ನೆನಪು. ಮರಾಠಿಯ ಮೂಲಕ ಮುಂಬೈ ಪ್ರಾಂತದ ಕಚೇರಿಗಳನ್ನು ಹಾದು ಬರುವಷ್ಟರಲ್ಲಿ ನೆನಪು ಕಾಗದದ ಮೇಲೆ ಒಂದರ ಕೆಳಗೊಂದು ಸಾಲಾಗಿ ನಿಂತು ಪಟ್ಟಿಯಾಯಿತು. ಆದುದರಿಂದ ‘ಮೊದಲು ಅಚ್ಚ ಕನ್ನಡವಿತ್ತು, ಇಂಗ್ಲಿಷ್ ಬಂದು ಕೆಡಿಸಿತು’ ಎಂಬ ಸುಲಭದ ದೂರನ್ನು ನಾನು ಒಪ್ಪುವುದಿಲ್ಲ.

ಕಂಠದಿಂದ ಹೃದಯಕ್ಕೆ

ಇಂಗ್ಲಿಷ್ ನುಡಿಗಟ್ಟುಗಳಲ್ಲಿ ಈ ಸೀಮೆಯಲ್ಲಿ ಅತ್ಯಂತ ಆಳಕ್ಕೆ ಇಳಿದಿರುವುದು ‘ಬೈಹಾರ್ಟ್’. ಅದು ಇಂಗ್ಲಿಷ್ ಎಂಬ ಅರಿವೂ ಇಲ್ಲದೆ ಅಕ್ಷರ ಬಾರದವರು ಕೂಡ ಇದನ್ನು ಬಳಸುತ್ತಾರೆ. ಇದರ ಮೂಲ ಹಳೆಯದು. ಹದಿನಾಲ್ಕನೆಯ ಶತಮಾನದಲ್ಲಿ ಚಾಸರ್ ಕವಿ ಇದನ್ನು ಬಳಸಿದ್ದಾನೆ. ಫ್ರೆಂಚಿನಲ್ಲಿ ಇಂದಿಗೂ ಬಾಯಿಪಾಠಕ್ಕೆ ಹೃದಯದಿಂದ ಕಲಿಯುವುದು ಎಂದೇ ಹೇಳುತ್ತಾರೆ. ಪ್ರಾಚೀನ ಯುರೋಪಿನಲ್ಲಿ ಹೃದಯವೇ ನೆನಪಿನ ನೆಲೆ ಎಂಬ ನಂಬಿಕೆ ವ್ಯಾಪಕವಾಗಿತ್ತು. ಲ್ಯಾಟಿನ್ ಭಾಷೆಯಲ್ಲಿ ಹೃದಯಕ್ಕೆ ‘ಕೋರ್’ ಎಂದು ಹೆಸರು, ನೆನೆಯುವುದಕ್ಕೆ ‘ರೆಕೊರ್ದಾರಿ’, ಅಂದರೆ ಮತ್ತೆ ಹೃದಯಕ್ಕೆ ತಂದುಕೊಳ್ಳುವುದು. ನಮ್ಮ ತಹಶೀಲ್ದಾರ ಕಚೇರಿಯ ‘ರೆಕಾರ್ಡ್ ರೂಮ್’ ಕೂಡ ಈ ಹೃದಯದ ವಂಶದ್ದೇ ಎಂದು ಹೇಳಿದರೆ ಅಲ್ಲಿ ಉತಾರಕ್ಕಾಗಿ ದಿನಗಟ್ಟಲೆ ಅಲೆದವರು ನಂಬಲಾರರು.

ನಮ್ಮಲ್ಲಿ ಇದೇ ಕ್ರಿಯೆಗೆ ಇದ್ದ ಮಾತುಗಳು ‘ಕಂಠಪಾಠ’, ‘ಬಾಯಿಪಾಠ’, ‘ಉರು ಹೊಡೆಯುವುದು’. ನೆನಪಿನ ನೆಲೆ ಇಲ್ಲಿ ಗಂಟಲು ಮತ್ತು ಬಾಯಿ, ಅಂದರೆ ದನಿ ಹೊರಡುವ ಜಾಗ. ಪಾರಿಜಾತದ ಮೇಳದಲ್ಲಿ ಇಡೀ ರಾತ್ರಿಯ ಆಟವನ್ನು ಹೊತ್ತುಕೊಂಡಿರುವ ಹಿರಿಯ ಕಲಾವಿದರು ‘ತಲ್ಯಾಗ ಐತಿ’ ಎನ್ನುವುದಿಲ್ಲ, ‘ಬಾಯಾಗ ಐತಿ’ ಎನ್ನುತ್ತಾರೆ. ಪದವನ್ನು ಬಿಡಿಯಾಗಿ ಹೇಳಿರೆಂದರೆ ತಡವರಿಸುವವರು ದನಿ ಎತ್ತಿದೊಡನೆ ಸರಾಗವಾಗಿ ಹಾಡುತ್ತಾರೆ. ಮೌಖಿಕ ಕಾವ್ಯದ ಗಾಯಕ ಸಿದ್ಧ ಪಠ್ಯವನ್ನು ಒಪ್ಪಿಸುವುದಿಲ್ಲ, ಸೂತ್ರಗಳನ್ನು ಹಿಡಿದು ಹಾಡುತ್ತ ಹಾಡುತ್ತಲೇ ಕಟ್ಟುತ್ತಾನೆ ಎಂದು ಆಲ್ಬರ್ಟ್ ಲಾರ್ಡ್ 1960ರಲ್ಲಿ ‘ದಿ ಸಿಂಗರ್ ಆಫ್ ಟೇಲ್ಸ್’ ಗ್ರಂಥದಲ್ಲಿ ವಿವರಿಸಿದ್ದು ಇಂಥ ಅನುಭವವನ್ನೇ. ಬಾಯಿಪಾಠ ಎಂಬ ಮಾತು ಈ ಸಿದ್ಧಾಂತವನ್ನು ತನ್ನಷ್ಟಕ್ಕೆ ತಾನೇ ಒಳಗೊಂಡಿತ್ತು.

ಹೀಗಿರುವಾಗ ‘ಬೈಹಾರ್ಟ್’ ಏಕೆ ಗೆದ್ದಿತು? ಶಾಲೆ ಕಾರಣ ಎನ್ನುವುದು ಅರ್ಧ ಉತ್ತರ. ನನ್ನ ಅಭಿಪ್ರಾಯದಲ್ಲಿ ಜನ ಎರಡು ಬಗೆಯ ನೆನಪನ್ನು ಬೇರ್ಪಡಿಸಿಕೊಂಡರು. ಪುಸ್ತಕದಿಂದ ಬಂದು ಪರೀಕ್ಷೆಯ ಹಾಳೆಗೆ ಹೋಗುವುದು ಬೈಹಾರ್ಟ್. ಬಾಯಿಂದ ಬಂದು ಬಾಯಿಗೆ ಹೋಗುವುದು ಬಾಯಿಪಾಠ. ಇಳಕಲ್ಲಿನ ಒಬ್ಬ ಭಜನೆಯ ಹಿರಿಯರು ತಮ್ಮ ಮಗನ ಬಗ್ಗೆ, “ಅವಾ ಬೈಹಾರ್ಟ್ ಹೊಡದಾನ, ಬಾಯಾಗ ಬಂದಿಲ್ಲ” ಎಂದಾಗ ಈ ವ್ಯತ್ಯಾಸ ನನಗೆ ಸ್ಪಷ್ಟವಾಯಿತು. ಇಂಗ್ಲಿಷಿನಲ್ಲಿ ಆಳವನ್ನು, ಪ್ರೀತಿಯನ್ನು ಸೂಚಿಸುತ್ತಿದ್ದ ಹೃದಯ ಇಲ್ಲಿ ಬಂದು ಮೇಲುಮೇಲಿನ ಗಟ್ಟಿಪಾಠಕ್ಕೆ ಹೆಸರಾಯಿತು. ‘ಉರು ಹೊಡೆ’ ಎಂಬಲ್ಲಿದ್ದ ‘ಹೊಡೆ’ ಕ್ರಿಯಾಪದ ‘ಬೈಹಾರ್ಟ್ ಹೊಡೆ’ ಎಂಬಲ್ಲಿಯೂ ಹಾಗೆಯೇ ಉಳಿದಿದೆ. ಹೊರಗಿನಿಂದ ಬಂದ ನಾಮಪದಕ್ಕೆ ಮನೆಯ ಕ್ರಿಯಾಪದ ಕಾವಲು ಕುಳಿತಂತಿದೆ.

ನಾಲಿಗೆಯ ವಿಷಯದಲ್ಲಿ ಇನ್ನೊಂದು ತಿರುವು ಇದೆ. ‘ಟಿಪ್ ಆಫ್ ದಿ ಟಂಗ್’ ಎಂದರೆ ಗೊತ್ತಿದ್ದೂ ಹೊರಗೆ ಬಾರದ ಹೆಸರು. ಬೆನೆಟ್ ಶ್ವಾರ್ಟ್ಸ್ ಎಂಬ ಮನೋವಿಜ್ಞಾನಿ 1999ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ 51 ಭಾಷೆಗಳಲ್ಲಿ 45 ಈ ಅನುಭವಕ್ಕೆ ನಾಲಿಗೆಯ ರೂಪಕವನ್ನೇ ಬಳಸುತ್ತವೆ. ಕನ್ನಡದಲ್ಲಿ ‘ನಾಲಿಗೆಯ ತುದಿಯಲ್ಲಿದೆ’ ಎಂಬುದಕ್ಕೆ ರೂಢಿಯಲ್ಲಿರುವ ಅರ್ಥವಾದರೋ ಇದಕ್ಕೆ ವಿರುದ್ಧ: ಕೇಳಿದ ತಕ್ಷಣ ಹೇಳಬಲ್ಲಷ್ಟು ಕರತಲಾಮಲಕ ಎಂದು. ಈಚೆಗೆ ಕಲಿತವರ ಮಾತಿನಲ್ಲಿ ಇಂಗ್ಲಿಷಿನ ಅರ್ಥವೂ ಇದಕ್ಕೆ ಅಂಟಿಕೊಂಡಿದೆ. ಒಂದೇ ಮಾತಿಗೆ ಬರುತ್ತದೆ, ಬರುವುದಿಲ್ಲ ಎಂಬ ಎರಡೂ ಅರ್ಥಗಳು ಬಂದಿರುವುದರಿಂದ ಮನೆಯಲ್ಲಿ ಅಜ್ಜ-ಮೊಮ್ಮಕ್ಕಳ ನಡುವೆ ಗೊಂದಲ ಆಗುವುದುಂಟು.

ಹೊಟ್ಟೆಗೆ ಬಂದರೆ, ಅದು ಮರೆವಿನ ಸ್ಥಾನ. ‘ತಪ್ಪಾಗೈತಿ, ಹೊಟ್ಟ್ಯಾಗ ಹಾಕ್ಕೋರಿ’ ಎಂದು ಕ್ಷಮೆ ಕೇಳುತ್ತಾರೆ. ಹೊಟ್ಟೆ ಜೀರ್ಣಿಸುತ್ತದೆ. ‘ಮನಸಿನ್ಯಾಗ ಇಟ್ಟುಕೊಂಡಾನ’ ಎಂದರೆ ಮಾತ್ರ ಹಗೆ, ಅದು ಕರಗುವುದಿಲ್ಲ. ಇಂಗ್ಲಿಷಿನ ‘ಫರ್ಗಿವ್ ಆ್ಯಂಡ್ ಫರ್ಗೆಟ್’ ಎರಡು ಕ್ರಿಯಾಪದಗಳಲ್ಲಿ ಹೇಳುವುದನ್ನು ನಮ್ಮ ಹೊಟ್ಟೆ ಒಂದರಲ್ಲೇ ಮುಗಿಸುತ್ತದೆ. ಬಿಕ್ಕಳಿಕೆ ಬಂದರೆ ಯಾರೋ ನೆನೆಸುತ್ತಿದ್ದಾರೆಂದು ನೀರು ಕುಡಿಯುತ್ತ ಒಬ್ಬೊಬ್ಬರ ಹೆಸರು ಹೇಳುವುದು, ನೆನೆಸಿದಾಗಲೇ ಬಂದವರಿಗೆ ನೂರು ವರ್ಷ ಆಯುಷ್ಯ ಎನ್ನುವುದು ಇಲ್ಲಿ ಈಗಲೂ ಉಂಟು. ಅದೇ ಸಂದರ್ಭಕ್ಕೆ ಇಂಗ್ಲಿಷಿನವರು ಸೈತಾನನ ಹೆಸರೆತ್ತುತ್ತಾರೆ. ಆ ಮಾತು ಕಾಲೇಜಿನ ಹುಡುಗರಲ್ಲಿ ಕೇಳಿಬಂದರೂ ಮನೆಯೊಳಗೆ ಇನ್ನೂ ಹೊಕ್ಕಿಲ್ಲ. ಬಂದ ಬೀಗರಿಗೆ ಆಯುಷ್ಯ ಹಾರೈಸುವ ಕಡೆ ಸೈತಾನನನ್ನು ಕರೆಯಲು ಯಾರಿಗೂ ಧೈರ್ಯ ಬಾರದು.

ಕಲ್ಲು ಮತ್ತು ಕೈ

ಬಾದಾಮಿಯ ಬಂಡೆಗಳ ಕೆಳಗೆ ನಿಂತವರಿಗೆ ‘ರಿಟನ್ ಇನ್ ಸ್ಟೋನ್’ ಎಂಬ ನುಡಿಗಟ್ಟನ್ನು ಯಾರೂ ಅನುವಾದಿಸಿ ಹೇಳಬೇಕಾಗಿಲ್ಲ. ಒಂದನೆಯ ಪುಲಕೇಶಿಯ ಕೋಟೆಯ ಶಾಸನ ಶಕವರ್ಷ 465ರದು, ಅಂದರೆ ಕ್ರಿ.ಶ. 543. ಮೂರನೆಯ ಗುಹೆಯ ಮಂಗಲೇಶನ ಶಾಸನ 578ರದು. ‘ಶಿಲಾಶಾಸನ’ ಎಂಬುದು ಬದಲಾಗದ ಮಾತಿಗೆ ನಮ್ಮಲ್ಲಿ ತಾನಾಗಿಯೇ ನುಡಿಗಟ್ಟಾಗಿದೆ. ಆದರೆ ಜಾನಪದದ ದೃಷ್ಟಿಯಿಂದ ಹೆಚ್ಚು ಮುಖ್ಯವಾದದ್ದು ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನ. ಕನ್ನಡ ತ್ರಿಪದಿಯ ಅತ್ಯಂತ ಹಳೆಯ ಲಿಖಿತ ರೂಪ ಅದರಲ್ಲಿದೆ. ಅದೇ ತ್ರಿಪದಿ ಈ ಸೀಮೆಯ ಹೆಣ್ಣುಮಕ್ಕಳ ಬೀಸುವ ಹಾಡಿನ ಛಂದಸ್ಸು. ಒಂದು ತ್ರಿಪದಿ ನಿಂತ ಕಲ್ಲಿನ ಮೇಲೆ ಉಳಿಯಿತು, ಉಳಿದ ಸಾವಿರಾರು ತ್ರಿಪದಿಗಳು ತಿರುಗುವ ಕಲ್ಲಿನ ಜೊತೆ ಉಳಿದವು.

ತಿರುಗುವ ಕಲ್ಲಿನ ಜೊತೆ ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಹುನಗುಂದದ ಕಡೆ ಹಾಡು ಕೇಳಲು ಹೋದಾಗ ವಯಸ್ಸಾದ ತಾಯಂದಿರು ಸುಮ್ಮನೆ ಕುಳಿತು ಎರಡು ಮೂರು ಪದ ಹೇಳಿ ‘ಮುಂದಿಂದು ನೆಪ್ಪಿಲ್ಲ’ ಎನ್ನುತ್ತಿದ್ದರು. ಮೂಲೆಯಲ್ಲಿ ಒರಗಿಸಿಟ್ಟ ಬೀಸುವ ಕಲ್ಲನ್ನು ಎಳೆದು ತಂದು, ಗೂಟ ಹಿಡಿದು ನಾಲ್ಕು ಸುತ್ತು ತಿರುಗಿಸಿದ ಮೇಲೆ ಪದದ ಮೇಲೆ ಪದ ಬರುತ್ತಿದ್ದವು. ಕಾಳು ಹಾಕದೆ ಬರಿಗಲ್ಲು ತಿರುಗಿಸಬಾರದು ಎಂಬ ನಂಬಿಕೆಯಿಂದ ಒಂದು ಹಿಡಿ ಜೋಳ ಹಾಕುತ್ತಿದ್ದರು. ನೆನಪು ಕೈಯಲ್ಲಿತ್ತು. ಅವಿಭಜಿತ ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ ಮನೆಮನೆಯಲ್ಲಿ ಕಲ್ಲು ತಿರುಗುತ್ತಿತ್ತು. ಹಿಟ್ಟಿನ ಗಿರಣಿ ಬಂದಾಗ ಹೆಣ್ಣುಮಕ್ಕಳ ರಟ್ಟೆಗೆ ಬಿಡುವು ಸಿಕ್ಕಿತು. ಅದನ್ನು ಅವರು ಸಂತೋಷದಿಂದಲೇ ಸ್ವಾಗತಿಸಿದರು, ಸ್ವಾಗತಿಸಬೇಕಾದದ್ದೂ ನ್ಯಾಯವೇ. ಹಾಡು ಹೋಯಿತೆಂದು ಮರುಗುವ ಸಂಗ್ರಾಹಕರಲ್ಲಿ ಯಾರೂ ಬೆಳಗಿನ ಜಾವ ಎದ್ದು ಬೀಸಿದವರಲ್ಲ.

ಇಂಗ್ಲಿಷಿನ ‘ಮಸಲ್ ಮೆಮೊರಿ’ ಎಂಬ ಮಾತು ಈಗ ಜಿಮ್ಮಿನ ಮೂಲಕ, ಕ್ರಿಕೆಟ್ ವೀಕ್ಷಕವಿವರಣೆಯ ಮೂಲಕ ನಮ್ಮ ಹುಡುಗರಿಗೂ ತಿಳಿದಿದೆ. ಸ್ನಾಯುವಿಗೆ ಸ್ವಂತ ನೆನಪಿಲ್ಲ, ಅದು ಮೆದುಳಿನದೇ ಕೆಲಸ. ಆದರೆ ಅದು ಬೇರೆ ಬಗೆಯ ನೆನಪು ಎಂಬುದು ದಿಟ. 1953ರ ಶಸ್ತ್ರಚಿಕಿತ್ಸೆಯೊಂದರ ನಂತರ ಹೊಸದೇನನ್ನೂ ನೆನಪಿಟ್ಟುಕೊಳ್ಳಲಾರದೆ ಹೋದ ಒಬ್ಬ ರೋಗಿ ಕನ್ನಡಿಯಲ್ಲಿ ನೋಡಿಕೊಂಡು ಗೆರೆ ಎಳೆಯುವುದನ್ನು ದಿನದಿಂದ ದಿನಕ್ಕೆ ಚೆನ್ನಾಗಿ ಕಲಿತ. ಕಲಿತದ್ದು ಮಾತ್ರ ಅವನಿಗೆ ನೆನಪಿರಲಿಲ್ಲ. ಬ್ರೆಂಡಾ ಮಿಲ್ನರ್ 1962ರಲ್ಲಿ ಇದನ್ನು ವರದಿ ಮಾಡಿದರು. ಇಳಕಲ್ಲಿನ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತ ನೇಕಾರರು ‘ಕೈಗೆ ಗೊತ್ತೈತಿ’ ಎನ್ನುವಾಗ ಹೇಳುವುದು ಇದನ್ನೇ.

ಇಳಕಲ್ ಸೀರೆಯ ವಿಶೇಷ ಎಲ್ಲರಿಗೂ ತಿಳಿದದ್ದೇ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ತೋಪತೆನಿ ಸೆರಗು ಹೀಗೆ ಮೈಗೆ ಕೂಡುತ್ತದೆ. ಹಿರಿಯರು ತೀರಿಕೊಂಡಾಗ ಪತ್ರಿಕೆಗಳು ‘ಹಳೆಯ ತಲೆಮಾರಿನ ಕೊಂಡಿ ಕಳಚಿತು’ ಎಂದು ಬರೆಯುವುದುಂಟು. ಅದು ಇಂಗ್ಲಿಷಿನ ಸರಪಳಿಯ ‘ಲಿಂಕ್’ನ ನೆರಳೋ ಏನೋ, ಇಳಕಲ್ಲಿನಲ್ಲಿ ಓದಿದರೆ ಕಬ್ಬಿಣ ನೆನಪಾಗುವುದಿಲ್ಲ, ನೂಲು ನೆನಪಾಗುತ್ತದೆ. ಎಳೆ ಎಳೆಯಾಗಿ ಹೇಳುವುದು, ಮಾತಿನ ಎಳೆ ಹಿಡಿಯುವುದು, ಎಳೆ ತಪ್ಪುವುದು ಎಂಬ ನುಡಿಗಟ್ಟುಗಳಿಗೂ ಇಲ್ಲಿ ಕೈಯ ಆಧಾರವಿದೆ. ಕಸೂತಿಯಲ್ಲಂತೂ ಬಟ್ಟೆಯ ಮೇಲೆ ಗೆರೆ ಹಾಕಿಕೊಳ್ಳದೆ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆಗಳನ್ನು ಮೂಡಿಸುತ್ತಾರೆ. ಮರೆತರೆ ‘ಎಣಿಕಿ ತಪ್ಪಿತು’ ಎನ್ನುತ್ತಾರೆ, ಚಿತ್ರ ಮರೆಯಿತು ಎನ್ನುವುದಿಲ್ಲ. ನೆನಪು ‘ಮಾಸುವುದು’ ಕೂಡ ಬಟ್ಟೆಯ ಮಾತೇ. ಇಂಗ್ಲಿಷಿನ ‘ಫೇಡ್’ ಆದ ನೆನಪು ಬಿಸಿಲಿಗೆ ಬಣ್ಣ ಕಳೆದುಕೊಂಡದ್ದು, ಮರಳಿ ಬಾರದು. ಮಾಸಿದ ಬಟ್ಟೆ ಉಟ್ಟು ಉಟ್ಟು ಕೊಳೆಯಾದದ್ದು. ಒಗೆದರೆ ಬಣ್ಣ ಮತ್ತೆ ಕಾಣುವುದುಂಟು.

ಮುಳುಗಡಿ

ಈಗ ಅಜ್ಜಿಯ ಓಣಿಗೆ ಮರಳೋಣ. ಆಲಮಟ್ಟಿ ಆಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. ದಶಕಗಳ ಕಾಲ ಕಾಮಗಾರಿ, ವ್ಯಾಜ್ಯಗಳು ನಡೆದು, 2000ದ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ಜಲಾಶಯದ ಮಟ್ಟ 519.6 ಮೀಟರಿಗೆ ನಿಂತಿತು. ಕೃಷ್ಣೆಯ ಹಿನ್ನೀರು ಘಟಪ್ರಭೆಯ ದಂಡೆಯ ಬಾಗಲಕೋಟೆಗೂ ಬಂತು. ಹಳೆಯ ಊರಿನ ತಗ್ಗು ಭಾಗ ನೀರಿಗೆ ಹೋಯಿತು. ಜನ ನವನಗರದ ಸೆಕ್ಟರುಗಳಿಗೆ ಬಂದರು. 2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಾಧಿಕರಣ 524.256 ಮೀಟರ್ ಎತ್ತರಕ್ಕೆ ಅನುಮತಿ ನೀಡಿದ್ದರಿಂದ ‘ಮುಳುಗಡಿ’ ಎಂಬ ಪದ ಈ ಜಿಲ್ಲೆಯಲ್ಲಿ ಇನ್ನೂ ಭೂತಕಾಲಕ್ಕೆ ಸೇರಿಲ್ಲ.

ಹಿಂದೆ ಡೋಗಿ ಬರ, ಪ್ಲೇಗು, ಗಾಂಧಿ ಸತ್ತ ವರ್ಷ ಎಂದು ವಯಸ್ಸು ಲೆಕ್ಕ ಹಾಕುತ್ತಿದ್ದಂತೆ ಈಗ ‘ಮುಳುಗಡಿಗಿಂತ ಮೊದಲ’, ‘ಮುಳುಗಡಿ ಆದ ಮ್ಯಾಲ’ ಎಂದು ಮದುವೆ, ಬಾಣಂತನ, ಸಾವುಗಳನ್ನು ಹೇಳುತ್ತಾರೆ. ಈ ಕಾಲದಲ್ಲೇ ಇಂಗ್ಲಿಷ್ ಪದಗಳ ಒಂದು ಗುಂಪು ಅಂಗಳಕ್ಕೆ ಬಂದಿಳಿಯಿತು: ಸರ್ವೆ, ನೋಟಿಸ್, ಅವಾರ್ಡ್, ಸೆಕ್ಟರ್, ರೆಕಾರ್ಡ್. ಕೊನೆಯದು ಎಲ್ಲಕ್ಕಿಂತ ಗಡಸು. ಅಜ್ಜ ಕಟ್ಟಿದ ಪಡಸಾಲೆ, ಹಿತ್ತಲ ಬಾವಿಯ ಅರ್ಧ ಪಾಲು, ತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡ ಜಾಗ ಇವೆಲ್ಲ ನೆಪ್ಪಿನಲ್ಲಿದ್ದವು, ರೆಕಾರ್ಡಿನಲ್ಲಿ ಇರಲಿಲ್ಲ. ಹೃದಯದಿಂದ ಹುಟ್ಟಿದ ಶಬ್ದವೊಂದು ನೆನಪಿಗೆ ಬೆಲೆ ಇಲ್ಲವೆಂದು ಹೇಳುವ ಶಬ್ದವಾಗಿ ಈ ಊರಿನ ಜನರಿಗೆ ಮೊದಲ ಬಾರಿ ಪರಿಚಯವಾದದ್ದು ಹೀಗೆ.

‘ಮೆಮೊರಿ ಲೇನ್’ ಹಳೆಯ ಗಾದೆಯೇನಲ್ಲ. ಆ ಹೆಸರಿನ ಹಾಡೊಂದು 1924ರಲ್ಲಿ ಅಮೆರಿಕದಲ್ಲಿ ಜನಪ್ರಿಯವಾಯಿತು. ನುಡಿಗಟ್ಟು ಮನೆಮಾತಾದದ್ದರಲ್ಲಿ ಅದರ ಪಾಲು ದೊಡ್ಡದು. ಅದರಲ್ಲಿ ಒಂದು ನಿಶ್ಚಿಂತೆಯಿದೆ: ಓಣಿ ಅಲ್ಲೇ ಇದೆ, ಬೇಕಾದಾಗ ಹೋಗಿ ತಿರುಗಾಡಿ ಬರಬಹುದು. ‘ನಾಸ್ಟಾಲ್ಜಿಯಾ’ ಎಂಬ ಪದಕ್ಕೆ ಈ ನಿಶ್ಚಿಂತೆಯಿಲ್ಲ. ಅದನ್ನು 1688ರಲ್ಲಿ ಬಾಸೆಲ್ ನಗರದಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ತನ್ನ ಪ್ರಬಂಧಕ್ಕಾಗಿ ಗ್ರೀಕಿನಿಂದ ಕಟ್ಟಿದ. ಮನೆಗೆ ಮರಳುವುದು ಎಂಬ ಪದಕ್ಕೆ ನೋವು ಎಂಬ ಪದವನ್ನು ಸೇರಿಸಿದ. ಊರುಬಿಟ್ಟು ದೂರ ಹೋದವರು ಬಳಲುವ ಕಾಯಿಲೆ ಎಂದೇ ಅವನು ಅದನ್ನು ವರ್ಣಿಸಿದ. ನಮ್ಮಲ್ಲಿ ನೆನಪು ‘ಮರುಕಳಿಸುತ್ತದೆ’. ಜ್ವರವೂ ಮರುಕಳಿಸುತ್ತದೆ. ‘ಹಳಹಳಿ’, ‘ಹಂಬಲ’ ಎಂಬ ಪದಗಳೂ ಇವೆ. ತವರಿನ ಹಂಬಲಕ್ಕೆ ಈ ಸೀಮೆಯ ಹಾಡುಗಳಲ್ಲಿ ಕೊರತೆಯಿಲ್ಲ. ಆದರೆ ಆ ಹಾಡುಗಳ ತವರು ದೂರದಲ್ಲಿತ್ತು, ಇಲ್ಲವಾಗಿರಲಿಲ್ಲ. ಪಂಚಮಿಗೆ ಅಣ್ಣ ಕರೆಯಲು ಬರುತ್ತಿದ್ದ ದಾರಿ ಇತ್ತು. ದಾರಿಯೇ ಇಲ್ಲದ ತವರನ್ನು ಹೇಳುವ ಸಿದ್ಧ ಮಾತು ಪರಂಪರೆಯಲ್ಲಿ ಸಿಗದೆ ಹೋದಾಗ ಶಾಲೆಯ ಪುಸ್ತಕದಿಂದ ಬಂದ ‘ನೆನಪಿನ ಓಣಿ’ ಅಜ್ಜಿಯ ಕೈಗೆ ಸಿಕ್ಕಿತು. ಆಕೆ ಅದನ್ನು ತಿರುಗಿಸಿ ತನ್ನದನ್ನಾಗಿ ಮಾಡಿಕೊಂಡರು. ನಂತರದ ಭೇಟಿಗಳಲ್ಲಿ ನೆರೆಯ ಹೆಂಗಸರ ಬಾಯಲ್ಲಿಯೂ, ಹಳೆಯದನ್ನು ಮಾತಾಡುತ್ತ ಕುಳಿತವರನ್ನು ಕುರಿತು ‘ಈಸಾಕ ಹೋಗ್ಯಾರ’ ಎಂಬ ಚೇಷ್ಟೆಯ ಮಾತನ್ನು ಕೇಳಿದೆ. ಒಂದು ನುಡಿಗಟ್ಟು ಹುಟ್ಟುವುದನ್ನು ಹತ್ತಿರದಿಂದ ನೋಡುವ ಅವಕಾಶ ಸಂಗ್ರಾಹಕರಿಗೆ ಅಪರೂಪಕ್ಕೆ ಸಿಗುತ್ತದೆ.

‘ಹಿನ್ನೀರು’ ಎಂಬುದು ‘ಬ್ಯಾಕ್‌ವಾಟರ್’ಗೆ ಕಟ್ಟಿದ ಪದ. ಸಿನೆಮಾದ ‘ಫ್ಲ್ಯಾಶ್‌ಬ್ಯಾಕ್’ಗೆ ವಿಮರ್ಶಕರು ‘ಹಿನ್ನೋಟ’ ಎಂದರು, ಜನ ಮಾತ್ರ ‘ಪ್ಲಾಸ್‌ಬ್ಯಾಕ್’ ಎಂದೇ ಉಳಿಸಿಕೊಂಡರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಬುನಾದಿಗಳು, ಗೋಡೆಯ ಮೊಂಡುಗಳು ಕಾಣಿಸಿಕೊಳ್ಳುತ್ತವೆ. ಆಗ ನೋಡಲು ಹೋಗಿಬರುವವರಿದ್ದಾರೆ. ಒಬ್ಬ ಯುವಕ ಅದನ್ನು ‘ನಮ್ಮಪ್ಪನ ಪ್ಲಾಸ್‌ಬ್ಯಾಕ್ ಸೀಜನ್ನು’ ಎಂದು ಕರೆದ. ತಂದೆ ಅದಕ್ಕೆ ಉತ್ತರ ಕೊಡಲಿಲ್ಲ.

ಮೊಬೈಲು ತಂದ ‘ಮೆಮೊರಿ’ಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಜನಪದ ಗೀತೆಗಳನ್ನು ಅಂಗಡಿಯಲ್ಲಿ ‘ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡು’ ಬರುತ್ತಿದ್ದ ಕಾಲ ಒಂದಿತ್ತು. ತುಂಬುವುದು, ಖಾಲಿ ಮಾಡುವುದು, ‘ಮೆಮೊರಿ ಫುಲ್’ ಆಗುವುದು ಇವೆಲ್ಲ ಕಣಜದ, ಹಗೇವಿನ ಮಾತಿಗೆ ಹತ್ತಿರವಾಗಿದ್ದುದರಿಂದ ಬೇಗ ಒಗ್ಗಿದವು. ‘ಡಿಲೀಟ್’ ಒಗ್ಗಿಲ್ಲ. ಅದನ್ನು ಮುರಿದ ಪ್ರೇಮಕ್ಕೆ ಬಳಸುತ್ತಾರೆ, ಸತ್ತವರಿಗೆ ಬಳಸುವುದಿಲ್ಲ.

ಪುರಾತನ ಗ್ರೀಸಿನ ಒಂದು ಕಥೆ ಇಲ್ಲಿ ನೆನಪಾಗುತ್ತದೆ. ಔತಣದ ಮನೆಯ ಮಾಡು ಕುಸಿದು ಅತಿಥಿಗಳೆಲ್ಲ ಗುರುತು ಸಿಗದಂತೆ ಸತ್ತಾಗ, ಹೊರಗೆ ಹೋಗಿದ್ದ ಸಿಮೊನಿಡೀಸ್ ಕವಿ ಯಾರು ಎಲ್ಲಿ ಕುಳಿತಿದ್ದರೆಂಬ ಸ್ಥಳದ ನೆನಪಿನಿಂದ ಒಬ್ಬೊಬ್ಬರನ್ನೂ ಗುರುತಿಸಿದನಂತೆ. ನೆನಪಿಡಬೇಕಾದುದನ್ನು ಮನಸ್ಸಿನ ಮನೆಯೊಂದರ ಜಾಗಗಳಲ್ಲಿ ಇಡುವ ಕಲೆ ಅಲ್ಲಿಂದ ಹುಟ್ಟಿತೆಂದು ಸಿಸೆರೊ ಬರೆಯುತ್ತಾನೆ. ಫ್ರಾನ್ಸಿಸ್ ಯೇಟ್ಸ್ 1966ರ ತಮ್ಮ ಗ್ರಂಥದಲ್ಲಿ ಇದರ ಚರಿತ್ರೆಯನ್ನು ವಿಸ್ತಾರವಾಗಿ ನೀಡಿದ್ದಾರೆ. ಸಿಮೊನಿಡೀಸನಿಗೆ ಮನೆ ಕುಸಿದಿತ್ತು, ಜಾಗ ಉಳಿದಿತ್ತು.

ಬಾಗಲಕೋಟೆಯ ಹೋಳಿಯಲ್ಲಿ ಈ ಜಾಗ ಇನ್ನೊಂದು ರೀತಿಯಲ್ಲಿ ಉಳಿದಿದೆ. ಹಲಗೆಯ ಮೇಳ, ಸೋಗಿನ ಬಂಡಿ, ಬಣ್ಣದಾಟ ಎಲ್ಲಕ್ಕೂ ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ ಎಂದೇ ಸರದಿ. ಸೆಕ್ಟರಿನ ಹೆಸರಿನಲ್ಲಿ ಹಲಗೆ ಬಾರಿಸುವುದಿಲ್ಲ. ನವನಗರಕ್ಕೆ ಬಂದು ನೆಲೆಸಿದವರೂ ಹಬ್ಬದ ದಿನ ತಮ್ಮ ತಮ್ಮ ಪೇಟೆಯವರಾಗುತ್ತಾರೆ. ಹೊಸ ಪರಿಚಯವಾದಾಗಲೂ ಮೊದಲು ಕೇಳುವ ಪ್ರಶ್ನೆ “ಹಳೇ ಊರಾಗ ಯಾವ ಓಣಿ ನಿಮ್ಮದು?” ಎಂದೇ.

ಆ ಅಜ್ಜಿಯನ್ನು ಓಣಿಯ ಮನೆಗಳ ಯಾದಿ ಕೊಡಿ ಎಂದು ಕೇಳಿದ್ದೆ. ಹಾಗೆ ಬಾರದೆಂದರು. “ಕೊಡ ಹೊತಗೊಂಡು ಹೋದಂಗ ಹೇಳತೀನಿ, ಬರಕೋ” ಎಂದು ತಮ್ಮ ಹೊಸ್ತಿಲಿನಿಂದ ಹೊರಟರು. ಎಡಗಡೆಗೆ ಯಾರು, ಬಲಗಡೆಗೆ ಯಾರು, ಯಾರ ಕಟ್ಟೆಯ ಮೇಲೆ ಕೊಡ ಇಳಿಸಿ ಮಾತಿಗೆ ನಿಲ್ಲುತ್ತಿದ್ದರು ಎನ್ನುತ್ತ ಹೊಳೆಯ ತನಕ ಒಂದೂ ತಪ್ಪದೆ ಹೇಳಿದರು. ತಿರುಗಿ ಬರುವ ದಾರಿಯಲ್ಲಿ ಮೂರು ಮನೆಗಳ ಹೆಸರು ಸಿಗಲಿಲ್ಲ. ಹೋಗುವಾಗ ಹೇಳಿದ್ದೀರಲ್ಲ ಎಂದು ನಾನು ಬರೆದುಕೊಂಡದ್ದನ್ನು ಓದಿ ತೋರಿಸಿದೆ. “ಹೌದನ? ತುಂಬಿದ ಕೊಡ ಇದ್ದಾಗ ಆ ಕಡೆ ಯಾರು ನೋಡತಿದ್ರ ಯವ್ವಾ” ಎಂದು ನಕ್ಕು, ನಿಲ್ಲಿಸಿದ್ದ ಹೋಳಿ ಹಾಡನ್ನು ಮತ್ತೆ ಎತ್ತಿದರು.